ಚಿಕಿತ್ಸೆ ಮುಗಿದ ಮೇಲೆ ಮನೆಯವರ ಪಾಲಿನ ಎಂಟು ಸೂತ್ರಗಳು

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೊನೆಯ ಕೀಮೋ ಮುಗಿಸಿ ಊರಿಗೆ ಬಂದವರನ್ನು ನೋಡಲು ನೆಂಟರಿಷ್ಟರು ಹಣ್ಣು ಹಿಡಿದು ಬರುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಎಲ್ಲರೂ ಅವರವರ ಕೆಲಸಕ್ಕೆ ಮರಳಿರುತ್ತಾರೆ. ಸುಸ್ತು, ಬೆರಳ ತುದಿಯ ಜೋಮು, ರೋಗ ಮರಳೀತೆಂಬ ದಿಗಿಲು ಮಾತ್ರ ಬಿಟ್ಟು ಹೋಗಿರುವುದಿಲ್ಲ. ಮನೆಯವರ ನಿಜವಾದ ಕೆಲಸ ಶುರುವಾಗುವುದೇ ಆಗ.

1. ಫೈಲು ಜೋಪಾನ. ಯಾವ ಔಷಧಿ, ಒಟ್ಟು ಎಷ್ಟು ಪ್ರಮಾಣ, ರೇಡಿಯೇಷನ್ ಯಾವ ಭಾಗಕ್ಕೆ, ಎಷ್ಟು ಸಲ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಎಷ್ಟೋ ವರ್ಷಗಳ ನಂತರವೂ ಹೃದಯವನ್ನು ದುರ್ಬಲಗೊಳಿಸಬಹುದು. ಮುಂದೊಂದು ದಿನ ಏದುಸಿರು ಬಂದಾಗ ಬೇರೆ ಊರಿನ ವೈದ್ಯರಿಗೆ ಆ ಹಾಳೆಯೇ ದಾರಿ ತೋರಿಸಬೇಕು. ಮೊಬೈಲಿನಲ್ಲಿ ಅದರ ಫೋಟೊ ಇರಲಿ.

2. ಜೊತೆಗೆ ನಡೆಯಿರಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಎರಡೂ ಮುಗಿಸಿದ 889 ಜನರ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಮೂರು ವರ್ಷ ಕ್ರಮಬದ್ಧವಾಗಿ ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಎಂಟು ವರ್ಷಗಳ ನಂತರ ಬದುಕಿದ್ದವರು ನೂರಕ್ಕೆ ಸುಮಾರು 90. ಬರಿಯ ಆರೋಗ್ಯ ಸಲಹೆಯ ಪುಸ್ತಿಕೆ ಪಡೆದವರಲ್ಲಿ ಸುಮಾರು 83. ವ್ಯಾಯಾಮದ ಗುಂಪಿನವರಿಗೆ ಬೆನ್ನಿಗೆ ನಿಂತು ಹುರಿದುಂಬಿಸುವ ತರಬೇತುದಾರರಿದ್ದರು ಎಂಬುದನ್ನು ಮರೆಯಬಾರದು. ನಮ್ಮ ಮನೆಗಳಲ್ಲಿ ಆ ಕೆಲಸ ಮಗನದು, ಸೊಸೆಯದು, ಗಂಡನದು. “ಸ್ವಲ್ಪ ಓಡಾಡಿ” ಎಂದು ಕೂತಲ್ಲಿಂದ ಹೇಳಬೇಡಿ, ನೀವೂ ಚಪ್ಪಲಿ ಮೆಟ್ಟಿ ಹೊರಡಿ. ಹತ್ತು ನಿಮಿಷದಿಂದ ಶುರುವಾಗಲಿ, ವಾರಕ್ಕೆ 150 ನಿಮಿಷಕ್ಕೆ ಮೆಲ್ಲಗೆ ಏರಲಿ. ಮೂಳೆಗೆ ರೋಗ ಹರಡಿದ್ದರೆ, ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

3. ಥರ್ಮಾಮೀಟರ್ ಕೈಗೆಟಕುವಲ್ಲಿರಲಿ. ಕೀಮೋ ಇನ್ನೂ ನಡೆಯುತ್ತಿದ್ದು ಅಥವಾ ಈಗಷ್ಟೇ ಮುಗಿದಿದ್ದು ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯಬೇಡಿ. ಬಿಳಿ ರಕ್ತಕಣ ಕುಸಿದಾಗ ಸೋಂಕು ಗಂಟೆಗಳಲ್ಲೇ ಪ್ರಾಣಕ್ಕೆ ಬರಬಹುದು. ರಾತ್ರಿಯೇ ಹೊರಡಿ.

4. ಪಥ್ಯದ ಹೆಸರಲ್ಲಿ ಉಪವಾಸ ಕೆಡವಬೇಡಿ. ಸಕ್ಕರೆ ಬಿಟ್ಟರೆ ಗೆಡ್ಡೆ ಸಾಯುವುದಿಲ್ಲ, ಊಟ ಬಿಟ್ಟರೆ ಮೈಯಲ್ಲಿ ಕಸುವು ಹೋಗುತ್ತದೆ. ಮೊಟ್ಟೆ, ಕಾಳು, ಮೊಸರು, ರಾಗಿ ಗಂಜಿ, ಏನು ಸೇರುತ್ತದೋ ಅದನ್ನು ಸ್ವಲ್ಪಸ್ವಲ್ಪವಾಗಿ ಆರೇಳು ಸಲ ಕೊಡಿ. ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ. ಯಾರೋ ಕೊಟ್ಟ ಚೂರ್ಣ, ಕಷಾಯಗಳನ್ನು ಮಾತ್ರ ವೈದ್ಯರಿಂದ ಮುಚ್ಚಿಡಬೇಡಿ. ಅಶ್ವಗಂಧದಿಂದಲೂ ಲಿವರ್ ಕೆಟ್ಟ ಪ್ರಕರಣಗಳಿವೆ.

5. ಬಾಯಿ, ಗಂಟಲಿಗೆ ರೇಡಿಯೇಷನ್ ಆಗಿದೆಯೇ? ರೇಡಿಯೇಷನ್ ಕೊಟ್ಟ ವೈದ್ಯರಿಗೆ ತಿಳಿಸದೆ ಹಲ್ಲು ಕೀಳಿಸಬೇಡಿ, ದವಡೆಯ ಮೂಳೆಯ ಗಾಯ ಮಾಯದೆ ಉಳಿಯಬಹುದು. ಥೈರಾಯ್ಡ್ ಪರೀಕ್ಷೆ ಆಗಾಗ ಆಗುತ್ತಿರಲಿ. ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಕೇಳಲು ಕಷ್ಟ, ಆದರೂ ಹೇಳಲೇಬೇಕು: ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕಗಳ ಹಿಂದೆಯೇ ತೀರ್ಮಾನಿಸಿದೆ. ರೋಗಿಗೆ ಬಿಡಿಸಿ ಮನೆಯವರು ಎದುರಿಗೆ ಕೂತು ಜಗಿಯುವುದು ಅನ್ಯಾಯ. ಎಲ್ಲರೂ ಬಿಡಿ.

6. ಬಳೆ ಬಿಗಿಯಾಯಿತೇ? ಸ್ತನದ ಆಪರೇಷನ್ನಿನಲ್ಲಿ ಕಂಕುಳ ಗ್ರಂಥಿ ತೆಗೆದಿದ್ದರೆ ಆ ಕೈ ಬಾತುಕೊಳ್ಳಬಹುದು. ಮೊದಲ ವಾರವೇ ಫಿಸಿಯೋಥೆರಪಿಸ್ಟರಿಗೆ ತೋರಿಸಿ.

7. “ಧೈರ್ಯವಾಗಿರು” ಎಂದು ಬಾಯಿ ಮುಚ್ಚಿಸಬೇಡಿ. ಚೆಕಪ್ ಹತ್ತಿರವಾದಂತೆ ನಿದ್ದೆ ಕೆಡುವುದು ಸಹಜ. ಅವರು ಸಾವಿನ ಮಾತೆತ್ತಿದರೂ ಕೂತು ಕೇಳಿ. ದುಗುಡ ಕಳೆಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವ ನಿಮಗೂ ಅದು ಬೇಕಾದೀತು.

8. ಕೆಲಸಕ್ಕೆ ಮರಳಲು ಬಿಡಿ. ನಟ ಶಿವರಾಜ್‌ಕುಮಾರ್ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರುವರ್ಷವೇ ಕ್ಯಾಮೆರಾ ಮುಂದೆ ನಿಂತರು. ಎಲ್ಲರಿಗೂ ಅಷ್ಟು ಬೇಗ ಆಗದು, ಅವಸರವೂ ಬೇಡ. ಅಂಗಡಿಯ ಲೆಕ್ಕವೋ ತೋಟದ ಒಂದು ಸುತ್ತೋ, ಕೈಲಾದಷ್ಟನ್ನು ಅವರಿಗೇ ಬಿಡಿ.

ಚೆಕಪ್ಪಿಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಮುಕ್ಕಾಲು ಪಾಲು ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ಫಾರಂ ಕೇಳಿ ಪಡೆಯಿರಿ. ದುಡ್ಡಿಲ್ಲವೆಂದು, ಚೆನ್ನಾಗಿದ್ದಾರಲ್ಲ ಎಂದು ಒಂದು ಚೆಕಪ್ಪನ್ನೂ ತಪ್ಪಿಸಬೇಡಿ.