ಗುಡಿಬಂಡೆ ಸೀಮೆಯ ಬೆಟ್ಟಗಳಲ್ಲಿ ಒಂಟಿಯಾಗಿ ಧ್ಯಾನಕ್ಕೆ ಕೂರುವವರು ಮಾಡಬೇಕಾದ್ದು, ಮಾಡಬಾರದ್ದು

ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರ, ಮಡಕಶಿರದ ಗುಡ್ಡಗಳಿಗೆ, ಅತ್ತ ರಾಯದುರ್ಗದ ಬೆಟ್ಟಕ್ಕೆ, ಜಪ, ಧ್ಯಾನ, ಮೌನವ್ರತ ಎಂದು ಒಬ್ಬೊಬ್ಬರೇ ಬರುವವರಿಗಾಗಿ ಈ ಸೂಚನೆ. ಬೆಂಗಳೂರು, ತುಮಕೂರಿನಿಂದ ಬರುವವರು ಓದಿಕೊಳ್ಳಿ. ಇದೇ ಮಣ್ಣಿನಲ್ಲಿ ಹುಟ್ಟಿ ‘ನನಗೆ ಗೊತ್ತಿಲ್ಲದ ಬೆಟ್ಟವೇ’ ಎನ್ನುವವರು ಎರಡು ಸಲ ಓದಿಕೊಳ್ಳಿ.

ಮುಖ್ಯ ನಿಯಮ ಒಂದೇ. ಹಗಲು ಬೆಟ್ಟದ ಮೇಲೆ ಎಷ್ಟು ಹೊತ್ತು ಬೇಕಾದರೂ ಒಂಟಿಯಾಗಿರಿ. ರಾತ್ರಿ ಊರಿಗೆ ನಿಮ್ಮ ಕೂಗು ಕೇಳುವಷ್ಟು ಹತ್ತಿರ ಬಂದು ಮಲಗಿ. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಹಿಂದಿನ ಸಾಧಕರು ಗವಿಯಲ್ಲೇ ವರ್ಷಗಟ್ಟಲೆ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದರು, ನಿಜ. ರಾಯದುರ್ಗದ ಬೆಟ್ಟದಲ್ಲಿ ಸಿದ್ಧರು ವಾಸವಿದ್ದರೆಂದು ಜನ ಇಂದಿಗೂ ತೋರಿಸುವ ಗವಿಗಳಿವೆ. ಅಮರಾಪುರದ ಬಳಿಯ ಹೇಮಾವತಿ, ಅಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಲ್ಲಿನ ಸಿದ್ಧೇಶ್ವರ ಲಿಂಗರೂಪದಲ್ಲಿಲ್ಲ. ಜಟೆ ಕಟ್ಟಿ ಕುಳಿತ ಮನುಷ್ಯರೂಪದಲ್ಲಿದ್ದಾನೆ. ಕುಂದಕುಂದಾಚಾರ್ಯರ ಊರೆಂದು ಜೈನರು ನಂಬುವ ಕೊನಕೊಂಡ್ಲವೂ ಅನಂತಪುರ ಜಿಲ್ಲೆಯದೇ. ಒಂಟಿಯಾಗಿ ಕೂರುವುದು ಈ ನೆಲಕ್ಕೆ ಹೊಸದಲ್ಲ. ಆದರೆ ಆ ಸಾಧಕರು ಊರಿನ ನಂಟು ಕಡಿದುಕೊಂಡಿದ್ದರು ಎಂಬುದು ಮಾತ್ರ ಸುಳ್ಳು. ದಿಗಂಬರ ಮುನಿ ದಿನಕ್ಕೊಮ್ಮೆ ಆಹಾರಕ್ಕೆಂದು ಗೃಹಸ್ಥರ ಮನೆಗೆ ಬರಲೇಬೇಕು. ನಾಥಪಂಥದ ಜೋಗಿಗೂ ಜಂಗಮನಿಗೂ ಭಿಕ್ಷೆಯೇ ವ್ರತ. ತಿರುವಣ್ಣಾಮಲೆಯ ರಮಣರು 1899ರಿಂದ 1916ರವರೆಗೆ ವಿರೂಪಾಕ್ಷ ಗುಹೆಯಲ್ಲಿದ್ದಾಗ ಸೇವಕ ಪಳನಿಸ್ವಾಮಿ ಜೊತೆಗಿದ್ದರು. ಊರಿನಿಂದ ಅನ್ನ ಬರುತ್ತಿತ್ತು. ಮುನಿ ಒಂದು ದಿನ ಕಾಣದಿದ್ದರೆ ಊರು ಕೇಳುತ್ತಿತ್ತು. ಯಾರಿಗೂ ಹೇಳದೆ, ಫೋನ್ ಆಫ್ ಮಾಡಿ, ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡದೊಳಗೆ ಮಾಯವಾಗುವುದು ನಮ್ಮ ಪರಂಪರೆಯಲ್ಲಿ ಎಲ್ಲೂ ಇಲ್ಲ.

ಹೊರಡುವ ಮುಂಚೆ

ಮನೆಯವರಲ್ಲಿ ಒಬ್ಬರಿಗೆ, ಬೆಟ್ಟದ ಕೆಳಗಿನ ಊರಿನವರಲ್ಲಿ ಒಬ್ಬರಿಗೆ, ಹೀಗೆ ಇಬ್ಬರಿಗೆ ಹೇಳಿ ಹೋಗಿ. ಯಾವ ಬೆಟ್ಟ, ಯಾವ ದಾರಿ, ಎಲ್ಲಿ ಕೂರುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಊರಿನಲ್ಲಿ ಯಾರಿಗೆ ಹೇಳಬೇಕೆಂದು ತಿಳಿಯದಿದ್ದರೆ ಗುಡಿಯ ಪೂಜಾರಪ್ಪನಿಗೋ ಕುರಿ ಮೇಯಿಸುವವರಿಗೋ ಹೇಳಿ. ನಾನು ಕುರಿಯವರನ್ನೇ ಮೊದಲು ನೆನೆಯುತ್ತೇನೆ. ದಿನವೂ ಗುಡ್ಡದ ಓರೆಯಲ್ಲಿ ತಿರುಗುವವರು ಅವರು. ನಿನ್ನೆ ಕರಡಿ ಯಾವ ಸಂದಿನಲ್ಲಿ ಇಳಿಯಿತು, ಯಾವ ದೊಣೆಯಲ್ಲಿ ನೀರು ಉಳಿದಿದೆ ಎಂಬುದು ಅವರಿಗೆ ಗೊತ್ತು. ಅವರು ‘ಇವತ್ತು ಆ ಕಡೆ ಬೇಡಣ್ಣಾ’ ಎಂದರೆ ಹೋಗಬೇಡಿ.

ಊರಿನ ಹೆಸರನ್ನು ಪೂರ್ತಿ ಹೇಳುವುದನ್ನು ಕಲಿಯಿರಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಒಂದು ಗುಡಿಬಂಡೆ ಇದೆ, ಅಲ್ಲೂ ಬೆಟ್ಟ, ಕೋಟೆ ಇವೆ. ತುರ್ತಿನಲ್ಲಿ 108ಕ್ಕೋ 112ಕ್ಕೋ ಫೋನ್ ಮಾಡಿ ಬರೀ ‘ಗುಡಿಬಂಡೆ ಬೆಟ್ಟ’ ಎಂದರೆ ಸಹಾಯ ಇನ್ನೊಂದು ರಾಜ್ಯದ ಇನ್ನೊಂದು ಬೆಟ್ಟಕ್ಕೆ ಹೊರಟೀತು. ಇದು ಗಡಿ, ಕರ್ನಾಟಕದ ಟವರ್ ಎಲ್ಲಿ, ಆಂಧ್ರದ ಟವರ್ ಎಲ್ಲಿ ಹಿಡಿಯುತ್ತದೋ ಹೇಳಲಾಗದು. ಆದ್ದರಿಂದ ಹೀಗೆ ಹೇಳಿ: ಆಂಧ್ರಪ್ರದೇಶ, ಶ್ರೀ ಸತ್ಯಸಾಯಿ ಜಿಲ್ಲೆ, ಗುಡಿಬಂಡೆ ಮಂಡಲ, ಇಂಥ ಹಳ್ಳಿ. 2022ರ ಏಪ್ರಿಲ್‌ನಿಂದ ಮಡಕಶಿರದ ಭಾಗ ಅನಂತಪುರ ಜಿಲ್ಲೆಯಲ್ಲಿಲ್ಲ. ರಾಯದುರ್ಗ ಮಾತ್ರ ಅಲ್ಲೇ ಉಳಿದಿದೆ. ಹಳೆಯ ಜಿಲ್ಲೆಯ ಹೆಸರು ಹೇಳಿ ಗೊಂದಲ ಮಾಡಬೇಡಿ.

ಮೀಸಲು ಅರಣ್ಯದೊಳಗೆ ಕೂರುವುದಾದರೆ ಅರಣ್ಯ ಇಲಾಖೆಯ ಅಪ್ಪಣೆ ಪಡೆಯಿರಿ. ಅಪ್ಪಣೆಯಿಲ್ಲದೆ ಒಳಹೋಗಬೇಡಿ.

ಮಳೆಗಾಲದಲ್ಲಿ ಬೇಡ. ಈ ಸೀಮೆಗೆ ಮಳೆ ಕಡಿಮೆ; ಬಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗುಡುಗು ಸಿಡಿಲಿನ ಜೊತೆ ಬರುತ್ತದೆ. ಬೋಳುಬಂಡೆಯ ನೆತ್ತಿಯ ಮೇಲೆ ಕುಳಿತವರಿಗೆ ಸಿಡಿಲಿನಿಂದ ಮರೆಯಿಲ್ಲ. ನೆನೆದ ಬಂಡೆ ಪಾಚಿಗಟ್ಟಿ ಜಾರುತ್ತದೆ. ಜೈನ ಮುನಿಗಳೂ ಬೌದ್ಧ ಭಿಕ್ಷುಗಳೂ ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿ ಒಂದೇ ಕಡೆ ನಿಲ್ಲುತ್ತಿದ್ದರು, ಕಾಲಡಿಗೆ ಸಿಕ್ಕಿ ಹುಳುಹುಪ್ಪಟೆ ಸಾಯಬಾರದೆಂದು. ಅವರಿಗಿದ್ದ ಆ ಎಚ್ಚರ ನಮಗೂ ಇರಲಿ. ಮಾರ್ಚ್‌ನಿಂದ ಮೇವರೆಗೆ ಬಂಡೆ ಕಾದು ಕೂರಲಾಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ನಡುವಿನವರೆಗೆ ಒಳ್ಳೆಯ ಕಾಲ.

ಗವಿಗೆ ನುಗ್ಗಬೇಡಿ

ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದು ಇದನ್ನೇ. ಸಿದ್ಧರು ಕುಳಿತ ಗವಿಗಳಲ್ಲಿ ಈಗ ಇರುವುದು ಕರಡಿ. ಮಡಕಶಿರ, ರೊಳ್ಳ, ಗುಡಿಬಂಡೆ, ರಾಯದುರ್ಗದ ಗುಂಡುಗುಡ್ಡಗಳೆಲ್ಲ ಕರಡಿಯ ಸೀಮೆ. ಹಗಲು ಅದು ಬಂಡೆಸಂದಿನ ತಂಪಿನಲ್ಲಿ ಮಲಗುತ್ತದೆ, ಸಂಜೆ ಇಳಿಯುತ್ತದೆ, ಗೆದ್ದಲಹುತ್ತ ಕೆದಕುತ್ತದೆ, ಎಲಚಿ, ಕಾರೆ, ಸೀತಾಫಲ ತಿನ್ನುತ್ತದೆ, ಬೆಳಕು ಹರಿಯುವ ಮುಂಚೆ ವಾಪಸಾಗುತ್ತದೆ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ದೂರದಿಂದ ನಿಮ್ಮನ್ನು ಕಾಣದು. ಹತ್ತಿರದಲ್ಲಿ ದಿಢೀರನೆ ಕಂಡರೆ ಹೆದರಿ ಮೇಲೆ ಬೀಳುತ್ತದೆ, ಮುಖಕ್ಕೇ ಕೈ ಹಾಕುತ್ತದೆ. ಧ್ಯಾನಕ್ಕೆ ಹೇಳಿಮಾಡಿಸಿದ ಚಳಿಗಾಲದಲ್ಲೇ ತಾಯಿಕರಡಿ ಗವಿಯಲ್ಲಿ ಮರಿಹಾಕಿ ಮಲಗಿರುತ್ತದೆ. ಅಂಥ ಗವಿಯ ಬಾಯಿಗೆ ಹೋಗಿ ಇಣುಕಿದವರ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಗವಿಯ ಒಳಗೆ ಕೂರಬೇಡಿ, ಬಾಯಲ್ಲೂ ಕೂರಬೇಡಿ. ಬೆಟ್ಟದ ಮೇಲೆ ಗುಡಿಯ ಅಂಗಳವಿದ್ದರೆ ಅಲ್ಲಿ, ಇಲ್ಲವೇ ಸುತ್ತ ನಾಲ್ಕೂ ಕಡೆ ಕಣ್ಣಿಗೆ ಕಾಣುವ ಬಯಲು ಬಂಡೆಯ ಮೇಲೆ ಕೂರಿ. ಬಿಸಿಲು ಚೆನ್ನಾಗಿ ಏರಿದ ಮೇಲೆ ಹತ್ತಿ, ಸೂರ್ಯ ಮುಳುಗಲು ಒಂದು ಗಂಟೆ ಇರುವಾಗಲೇ ಇಳಿಯಿರಿ. ಮೌನವ್ರತವಿದ್ದರೂ ನಡೆಯುವಾಗ ಕೋಲಿನಿಂದ ಕಲ್ಲು ತಟ್ಟುತ್ತಾ ಹೋಗಿ. ವ್ರತ ಬಾಯಿಗೆ, ಕೋಲಿಗಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯಲೇಬೇಡಿ. ಕರಡಿ ಎದುರಾದರೆ ಓಡಬೇಡಿ, ಮರ ಹತ್ತಬೇಡಿ, ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಮೆಲ್ಲಗೆ ಹಿಂದಕ್ಕೆ ಸರಿಯಿರಿ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖ ನೆಲಕ್ಕೆ, ಎರಡೂ ಕೈ ಕತ್ತಿನ ಹಿಂದೆ.

ಜೊತೆಗಿರಲಿ ಎಂದು ನಾಯಿ ಕರೆದೊಯ್ಯಬೇಡಿ. ನಾಯಿ ಬೊಗಳಿ ಕರಡಿಯನ್ನು ಕೆರಳಿಸುತ್ತದೆ, ಚಿರತೆಯನ್ನು ಆಸೆಗೆಳೆಯುತ್ತದೆ. ಬೆಲ್ಲ, ಹಣ್ಣು, ಕಡಲೆಕಾಯಿಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ಊದುಬತ್ತಿ, ಸಾಂಬ್ರಾಣಿ ಹಚ್ಚಬೇಡಿ. ಹೊಗೆ ತಾಗಿದರೆ ಇಡೀ ಹಿಂಡು ಎದ್ದು ಬರುತ್ತದೆ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ರಕ್ತ ಹೀರುವುದು, ನಾಟಿ ಮದ್ದು, ಮಂತ್ರ ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, ಆಮೇಲೆ ಕಳಚಲಾಗದ ಉಂಗುರ, ಕಾಲುಂಗುರ, ಗಡಿಯಾರ ಬಿಚ್ಚಿ, ಮಡಕಶಿರ ಅಥವಾ ಹಿಂದೂಪುರದ ಸರ್ಕಾರಿ ಆಸ್ಪತ್ರೆಗೆ ಬೇಗ ತಲುಪಬೇಕು. ನಿಮ್ಮನ್ನು ಹೊತ್ತು ಇಳಿಸಲು ಜನ ಬೇಕಲ್ಲ, ಅದಕ್ಕೇ ಹೇಳಿ ಹೋಗಿ ಎನ್ನುವುದು.

ನೀರು ಮತ್ತು ಉಪವಾಸ

ದಿನಕ್ಕೆ ಒಬ್ಬರಿಗೆ 4 ಲೀಟರ್ ನೀರು ಹೊತ್ತೊಯ್ಯಿರಿ. ಬೆಟ್ಟದ ಮೇಲಿನ ದೊಣೆಯನ್ನು ನಂಬಬೇಡಿ. ಮಾಘ ಕಳೆಯುವ ಹೊತ್ತಿಗೆ ಬಹಳಷ್ಟು ದೊಣೆ ತಳ ಕಾಣುತ್ತವೆ. ನೀರಿದ್ದರೂ ಅದು ನಿಮ್ಮದಲ್ಲ, ಕುರಿಯದು, ನವಿಲಿನದು, ಕರಡಿಯದು. ಅದರಲ್ಲಿ ಇಳಿದು ಸ್ನಾನ ಮಾಡಬೇಡಿ, ಸೋಪು ಮುಟ್ಟಿಸಬೇಡಿ, ಹೂವು, ಕುಂಕುಮ, ಎಣ್ಣೆದೀಪ ತೇಲಿಬಿಡಬೇಡಿ. ಬರ ಕಂಡ ಸೀಮೆ ಇದು. ದೊಣೆ ಕೆಡಿಸಿದವನ ಪೂಜೆ ಯಾವ ದೇವರಿಗೂ ಸಲ್ಲದು ಎಂಬುದು ನನ್ನ ಗಟ್ಟಿ ನಂಬಿಕೆ.

ನೀರೂ ಮುಟ್ಟದ ಉಪವಾಸವನ್ನು ಬೆಟ್ಟದ ಮೇಲೆ ಮಾಡಲೇಬಾರದು. ಅನ್ನ, ನೀರು ತೊರೆದು ದೇಹ ಬಿಡುವ ಜೈನರ ಸಲ್ಲೇಖನದ ಹೆಸರನ್ನು ಕೆಲವರು ಉದಾಹರಣೆಗೆ ತರುತ್ತಾರೆ. ಆ ವ್ರತ ಗುರುವಿನ ಅಪ್ಪಣೆಯಿಲ್ಲದೆ, ಸಂಘದವರ ಕಣ್ಗಾವಲಿಲ್ಲದೆ ನಡೆಯುವುದಲ್ಲ. ಬದುಕಿನ ಕೊನೆಯ ಹಂತದ್ದು ಅದು, ಮೂರು ದಿನದ ರಜೆಯಲ್ಲಿ ಬಂದವರದಲ್ಲ. ನಿಮಗೆ ಸಾಕಾಗುವುದು ರಾಗಿ ಹುರಿಟ್ಟು, ಬೆಲ್ಲ, ಹುರಿಗಡಲೆ. ಒಲೆ ಬೇಕಿಲ್ಲ, ವಾಸನೆಯಿಲ್ಲ, ಹೊಟ್ಟೆ ಭಾರವಾಗದು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು, ಬಸುರಿಯರು ಉಪವಾಸ ಮಾಡಬೇಡಿ. ದಿನದ ಮಾತ್ರೆ ಯಾವುದನ್ನೂ ಬಿಡಬೇಡಿ.

ಬೆಂಕಿ ಹಚ್ಚಬೇಡಿ

ಹೋಮ ಬೇಡ, ಧುನಿ ಬೇಡ, ಚಳಿಗೆ ಬೆಂಕಿಯೂ ಬೇಡ. ಫೆಬ್ರವರಿಗೆಲ್ಲ ಗುಡ್ಡದ ಬೋದೆಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡಿಗೆ ಇಡೀ ಓರೆ ಉರಿಯುತ್ತದೆ. ಉರಿದದ್ದು ಕುರಿಯವರ ಬೇಸಿಗೆಯ ಮೇವು. ಚಳಿಗೆ ಕಂಬಳಿ ತನ್ನಿ.

ಕಲ್ಲು ಮುಟ್ಟುವ ಮುಂಚೆ

ರೊಳ್ಳದ ಬಳಿಯ ರತ್ನಗಿರಿಯ ಕೋಟೆಯಿರಲಿ, ಹೇಮಾವತಿಯ ಗುಡಿಗಳಿರಲಿ, ದಾರಿಬದಿಯ ವೀರಗಲ್ಲಿರಲಿ, ಕೆತ್ತಿದ ಕಲ್ಲಿಗೆ ಎಣ್ಣೆ, ವಿಭೂತಿ, ಬಣ್ಣ ಬಳಿಯಬೇಡಿ. ಅಕ್ಷರವಿರುವ ಬಂಡೆಯ ಮೇಲೆ ಆಸನ ಹಾಕಬೇಡಿ. ರಾಯದುರ್ಗದಿಂದ ಗಡಿ ದಾಟಿದರೆ ಸಿಗುವ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆಹಚ್ಚಿದ್ದು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದರೆಂದು ಆ ಬಂಡೆಗೆ ‘ಬಳೆಗಾರ ಗುಂಡು’ ಎಂದೇ ಹೆಸರಾಗಿತ್ತು. ಅಕ್ಷರಗಳು ಬಹಳಷ್ಟು ಸವೆದುಹೋಗಿವೆ. ಯಾರೂ ಕೇಡು ಬಯಸಿ ಮಾಡಿದ್ದಲ್ಲ. ಬಂದು ಕುಳಿತರು, ಅಷ್ಟೇ.

ಇನ್ನೊಂದು ಮಾತು. ಹಾಳುಗುಡಿ, ಕೋಟೆಗಳಲ್ಲಿ ನಿಧಿ ಅಗೆಯುವ ಪಿಡುಗು ಈ ಕಡೆ ಹಳೆಯದು. ಅಪರಿಚಿತರೊಬ್ಬರು ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ ಹಿಡಿದು ಬೆಟ್ಟದಲ್ಲಿ ಕಂಡರೆ ಊರು ಏನು ತಿಳಿಯಬೇಕು? ಹಾರೆ, ಗುದ್ದಲಿ, ಮಚ್ಚು ಒಯ್ಯಬೇಡಿ. ರಾತ್ರಿ ಪೂಜೆ ಮಾಡಬೇಡಿ. ಯಾರು ಕೇಳಿದರೂ ಹೆಸರು, ಊರು ಹೇಳಿ, ಗುರುತಿನ ಚೀಟಿ ತೋರಿಸಿ. ಆಗ ಮೌನವ್ರತ ಮುರಿಯಲೇಬೇಕು.

ಮನಸ್ಸಿನ ವಿಷಯ

ಮನೆಯಲ್ಲಿ ಸಾವಾದ ಹೊಸತರಲ್ಲಿ, ಸಾಲ ಮೈಮೇಲೆ ಬಂದಾಗ, ಸಂಸಾರ ಮುರಿದಾಗ ‘ಬೆಟ್ಟಕ್ಕೆ ಹೋಗಿ ಕೂತುಬಿಡುತ್ತೇನೆ’ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಒಂಟಿಯಾಗಿ ಹೋಗಬೇಡಿ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೇಮಾವತಿಗೆ ಹೋಗಿ, ಸಿದ್ಧೇಶ್ವರನ ಎದುರು ಬೇಕಾದಷ್ಟು ಹೊತ್ತು ಸುಮ್ಮನೆ ಕೂತು ಬನ್ನಿ. ದುಃಖವನ್ನು ಯಾರ ಬಳಿಯೂ ಹೇಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ.

ಮೊದಲ ಸಲ ಕೂರುವವರು ಒಂದು ಹಗಲಿಗೆ ನಿಲ್ಲಿಸಿ. ಯಾರೋ ಕರೆದಂತೆ, ಮಾತಾಡಿದಂತೆ ಕೇಳಿಸತೊಡಗಿದರೆ, ನಿದ್ದೆ ಪೂರ್ತಿ ಹೋದರೆ, ಅದನ್ನು ಸಿದ್ಧಿ ಎಂದುಕೊಳ್ಳಬೇಡಿ. ಎದ್ದು ಕೆಳಗಿಳಿಯಿರಿ, ಊಟ ಮಾಡಿ, ಜನರ ನಡುವೆ ಮಲಗಿ, ವೈದ್ಯರನ್ನು ಕಾಣಿ. ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊರಡಬೇಡಿ. ಗಾಂಜಾ, ಹೆಂಡ ಸೇರಿಸಿಕೊಂಡು ಮಾಡುವುದಕ್ಕೆ ಧ್ಯಾನ ಎನ್ನಬೇಡಿ.

ಊರಿನವರಿಗೆ

ಬಂದವರನ್ನು ಅನುಮಾನದಿಂದ ಓಡಿಸಬೇಡಿ. ನೀರು ಕೊಡಿ, ದಾರಿ ತೋರಿಸಿ, ಗುಡಿಯ ಪೌಳಿಯಲ್ಲಿ ಮಲಗಲು ಜಾಗ ಕೊಡಿ. ಹೆಣ್ಣುಮಗಳು ಒಬ್ಬಳೇ ಬಂದರೆ ‘ಯಾಕಮ್ಮ ಬಂದೆ, ಗಂಡ ಎಲ್ಲಿ’ ಎಂದು ಪೀಡಿಸಬೇಡಿ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದವಳು. ಅವಳನ್ನು ಪೂಜಿಸುವ ನಾವು ಇನ್ನೊಬ್ಬಳನ್ನು ಅಡ್ಡಗಟ್ಟುವುದು ಸರಿಯಲ್ಲ. ರಾತ್ರಿ ಅವಳು ಯಾವುದಾದರೂ ಮನೆಯಲ್ಲಿ ಹೆಂಗಸರ ನಡುವೆ ಮಲಗುವಂತೆ ಏರ್ಪಾಡು ಮಾಡಿ. ಪ್ರತಿಫಲ ಕೇಳಬೇಡಿ. ಕೊಡಲೇಬೇಕೆಂದು ಅವರು ಹಟ ಹಿಡಿದರೆ ಗುಡಿಯ ಹುಂಡಿ ತೋರಿಸಿ.

ಇಳಿದ ಮೇಲೆ

ತಂದ ಪ್ಲಾಸ್ಟಿಕ್ಕು, ಬೆಂಕಿಪೊಟ್ಟಣ, ಊದುಬತ್ತಿಯ ಕವರ್ ಎಲ್ಲವನ್ನೂ ವಾಪಸ್ ಒಯ್ಯಿರಿ. ಹೇಳಿ ಹೋದವರಿಗೆ ಮುಖ ತೋರಿಸಿಯೇ ಬಸ್ಸು ಹತ್ತಿ, ಫೋನ್ ಸಾಲದು.

ಹೇಳಿದ ಹೊತ್ತಿಗೆ ಇಳಿಯದವರಿಗಾಗಿ ಊರಿನವರು ಒಂದು ಗಂಟೆ ಕಾಯಿರಿ, ಆಮೇಲೆ ಕಾಯಬೇಡಿ. ಮೊದಲು 112ಕ್ಕೆ ತಿಳಿಸಿ, ಅರಣ್ಯ ಸಿಬ್ಬಂದಿಗೆ ಹೇಳಿ. ಹುಡುಕಲು ನಾಲ್ವರಿಗಿಂತ ಕಡಿಮೆ ಹೋಗಬೇಡಿ, ಹುಡುಗರನ್ನು ಕಳಿಸಬೇಡಿ. ಕೈಯಲ್ಲಿ ಬ್ಯಾಟರಿ ಇರಲಿ, ಪಂಜು ಬೇಡ. ತಮಟೆ ಬಡಿಯುತ್ತಾ, ಅವರ ಹೆಸರು ಹಿಡಿದು ಕೂಗುತ್ತಾ, ಚೀಟಿಯಲ್ಲಿ ಬರೆದ ದಾರಿಯಲ್ಲೇ ಹೋಗಿ.