ಮೊದಲು ಅಳತೆ, ಆಮೇಲೆ ಅಂಗಡಿ

ಮಗೂ, ಎಚ್‌ಓ ಪ್ರಮಾಣದ ಮಾದರಿ ರೈಲಿನ ಹಳೆಯ ಗೂಡ್ಸ್ ಡಬ್ಬಿಗಳ ಪೆಟ್ಟಿಗೆಯೊಂದು ನಿನ್ನ ಕೈಸೇರಿದೆ. ಅರ್ಧಕ್ಕರ್ಧ ಕಪ್ಲರ್ ಮುರಿದಿವೆ, ಕೆಲವಕ್ಕೆ ಟ್ರಕ್ಕೇ ಇಲ್ಲ, ಏನು ತರಿಸಲಿ ಮಾಮಾ ಎಂದು ಕೇಳಿದ್ದೀಯ. ನಾನು ಹೇಳುವುದು ಒಂದೇ ಮಾತು: ಏನನ್ನಾದರೂ ತರಿಸುವ ಮೊದಲು ಅಳೆದು ನೋಡು. ಡಬ್ಬಿಯ ಮೈ ಎಷ್ಟು ವರ್ಷವಾದರೂ ಬಾಳುತ್ತದೆ. ಅದರಡಿ ಎರಡು ಜೋಡಿ ಗಾಲಿ ಹೊತ್ತು ತಿರುಗುವ ಟ್ರಕ್ಕು, ತುದಿಯಲ್ಲಿ ಡಬ್ಬಿಗೆ ಡಬ್ಬಿ ಜೋಡಿಸುವ ಕಪ್ಲರ್, ಇವೆರಡೂ ಸವೆಯುವ ಭಾಗಗಳು. ಬದಲಿಸಬೇಕಾದವೇ. ಆದರೆ ಅಳತೆ ಕೊಡದೆ ಹೊಲಿಸಿದ ಅಂಗಿಯ ಗತಿ ಇವಕ್ಕೂ ಬರಬಾರದು.

ಒಂದೊಂದೇ ಡಬ್ಬಿಯನ್ನು ಮಗುಚಿ ನೋಡು. ಕೊಂಬಿನಂತೆ ಒಂದು ಪಕ್ಕಕ್ಕೆ ಚಾಚಿದ ಪ್ಲಾಸ್ಟಿಕ್ ಕೊಂಡಿ ಕಂಡರೆ ಅದು ಹಾರ್ನ್-ಹುಕ್. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1950ರ ದಶಕದಲ್ಲಿ ಇದರ ವಿನ್ಯಾಸ ರೂಪಿಸಿತು. ಅಧಿಕೃತ ಮಾನಕವೆಂದು ಅದನ್ನು ಒಪ್ಪಲಿಲ್ಲ. ಆದರೂ ಅಗ್ಗವಾಗಿದ್ದರಿಂದ ದಶಕಗಳ ಕಾಲ ರೈಲು ಸೆಟ್‌ಗಳಲ್ಲೆಲ್ಲ ಇದೇ ಇತ್ತು. ಟೈಕೋ, ಬ್ಯಾಕ್‌ಮನ್, ಲೈಫ್-ಲೈಕ್ ಕಂಪನಿಗಳ ಹಳೆಯ ಸೆಟ್‌ಗಳಲ್ಲಿ ಕಪ್ಲರ್ ಡಬ್ಬಿಯ ಮೈಗಲ್ಲ, ಟ್ರಕ್ಕಿಗೇ ಅಂಟಿಕೊಂಡಿರುತ್ತದೆ. ಹವ್ಯಾಸಿಗಳು ಇದನ್ನು ಟಾಲ್ಗೊ ಟ್ರಕ್ ಎನ್ನುತ್ತಾರೆ. ಎಂಜಿನ್ನು ಎಳೆಯುವಾಗ ಏನೂ ತೊಂದರೆಯಿಲ್ಲ. ಹಿಂದಕ್ಕೆ ತಳ್ಳಿದಾಗ ಮಾತ್ರ ಆ ಒತ್ತಡ ಟ್ರಕ್ಕನ್ನೇ ಪಕ್ಕಕ್ಕೆ ತಿರುಗಿಸಿ ಗಾಲಿಯನ್ನು ಹಳಿಯಿಂದ ಇಳಿಸುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಎರಡು ಗುಂಪು ಮಾಡು: ಕಪ್ಲರ್ ಮೈಯಲ್ಲಿರುವವು ಒಂದು ಕಡೆ, ಟ್ರಕ್ಕಿನಲ್ಲಿರುವವು ಇನ್ನೊಂದು ಕಡೆ. ಅಥರ್ನ್‌ನ ನೀಲಿ ಡಬ್ಬದ ಹಳೆಯ ಕಿಟ್‌ಗಳು ಮೊದಲ ಗುಂಪಿನವು. ಲೋಹದ ಮುಚ್ಚಳ ತೆಗೆದು ಕಪ್ಲರ್ ಬದಲಿಸಿದರೆ ಮುಗಿಯಿತು. ಎರಡನೆಯ ಗುಂಪಿಗೆ ಹೊಸ ಟ್ರಕ್ಕೂ ಬೇಕು, ಡಬ್ಬಿಯ ತಳಕ್ಕೆ ಹೊಸ ಕಪ್ಲರ್ ಪೆಟ್ಟಿಗೆಯೂ ಬೇಕು.

ಯಾವ ಕಪ್ಲರ್? ಆರೆಗನ್‌ನ ಕೇಡೀ ಕಂಪನಿಯ ಲೋಹದ ಕಪ್ಲರ್‌ಗಳನ್ನೇ ಹಾಕು. ಎಡ್ವರ್ಡ್ಸ್ ಎಂಬ ಅವಳಿ ಸೋದರರು ಕಟ್ಟಿದ ಕಂಪನಿ ಅದು. ನಿಜವಾದ ರೈಲಿಗೆ ಎಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ, ಬೆರಳು ಮಡಚಿದಂತೆ ಹಿಡಿಯುವ ಕಪ್ಲರ್‌ನ ಚಿಕ್ಕ ರೂಪ ಇದು. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ನಿಂತ ಗೂಡ್ಸ್ ಗಾಡಿಯಲ್ಲಿ ನೀನು ನೋಡಿರುವ ಸಿಬಿಸಿ (ಸೆಂಟರ್ ಬಫರ್ ಕಪ್ಲರ್) ಕೂಡ ಇದೇ ಕುಲದ್ದು. ಕೇಡೀಯ 5ನೇ ನಂಬರು ದೀರ್ಘಕಾಲ ಹವ್ಯಾಸಿಗಳ ರೂಢಿಯಾಗಿತ್ತು. ಈಗ 148ನೇ ನಂಬರು ಜೋಡಿಸಲು ಇನ್ನೂ ಸುಲಭ. ಅದರ ಮೀಸೆಯಂಥ ಸ್ಪ್ರಿಂಗು ಕಪ್ಲರ್‌ಗೇ ಸೇರಿರುತ್ತದೆ. ಕೇಡೀಯ ಪೇಟೆಂಟ್ ಅವಧಿ ಮುಗಿದ ಮೇಲೆ ಬಂದ ಪ್ಲಾಸ್ಟಿಕ್ ಮಾದರಿಗಳು ಇದರೊಡನೆ ಕೂಡಿಕೊಳ್ಳುತ್ತವೆ, ನಿಜ. ಆದರೆ ಅವುಗಳ ಪ್ಲಾಸ್ಟಿಕ್ ಸ್ಪ್ರಿಂಗು ಉದ್ದದ ಗಾಡಿಯ ಎಳೆತಕ್ಕೆ ಕ್ರಮೇಣ ಸೋಲುತ್ತದೆ. ಯಾವುದನ್ನೇ ಆರಿಸು, ಎಲ್ಲ ಡಬ್ಬಿಗೂ ಒಂದೇ ಜಾತಿ ಇರಲಿ. ಕಪ್ಲರ್ ಪೆಟ್ಟಿಗೆಗೆ ಎಣ್ಣೆ ಬಿಡಬೇಡ, ಧೂಳು ಹಿಡಿಯುತ್ತದೆ. ಚಿಟಿಕೆ ಗ್ರಾಫೈಟ್ ಪುಡಿ ಸಾಕು. ಕಪ್ಲರ್ ಬೆರಳಿನ ಪುಟ್ಟ ಸ್ಪ್ರಿಂಗು ಹಾರಿಹೋಗದಂತೆ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಕೆಲಸ ಮಾಡು.

ಇನ್ನು ಎತ್ತರ. ಎಚ್‌ಓದಲ್ಲಿ ಹಳಿಯ ತಲೆಯಿಂದ ಕಪ್ಲರ್‌ನ ನಡುವಿಗೆ ಸುಮಾರು 9.9 ಮಿಲಿಮೀಟರ್ ಇರಬೇಕು. ಕಣ್ಣಳತೆ ನಂಬಬೇಡ, ಕೇಡೀಯ 205ನೇ ನಂಬರಿನ ಎತ್ತರದ ಗೇಜು ಇದಕ್ಕೆಂದೇ ಇದೆ. ಕಪ್ಲರ್ ಕೆಳಗಿದ್ದರೆ ಟ್ರಕ್ಕಿಗೂ ಡಬ್ಬಿಗೂ ನಡುವೆ ತೆಳು ವಾಷರ್ ಇಡು. ಮೇಲಿದ್ದರೆ ಟ್ರಕ್ ಕೂರುವ ಜಾಗವನ್ನು ಮೆಲ್ಲಗೆ ಅರದಿಂದ ತೀಡು, ಇಲ್ಲವೇ ತಲೆ ಕೆಳಗಿಳಿದಿರುವ ಕಪ್ಲರ್ ತರಿಸು. ಕಪ್ಲರ್‌ನಡಿ ಇಳಿಬಿದ್ದ ತಂತಿ ಹಳಿಗೆ ತಾಗುವುದೇ ಎಂದೂ ನೋಡು. ತಾಗಿದರೆ ಪಾಯಿಂಟ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಟ್ರಕ್ಕು ಕೊಳ್ಳುವಾಗ ಡಬ್ಬಿಯ ಕಾಲ ನೋಡು. ಕಬ್ಬಿಣದ ಪಟ್ಟಿ ಬಾಗಿಸಿ ಕಟ್ಟಿದಂತೆ ಕಾಣುವ ಆರ್ಚ್‌ಬಾರ್ ಹತ್ತೊಂಬತ್ತನೆಯ ಶತಮಾನದ ಕೊನೆಯ, ಇಪ್ಪತ್ತನೆಯದರ ಆರಂಭದ ಡಬ್ಬಿಗೆ. ಇಪ್ಪತ್ತನೆಯ ಶತಮಾನದ ನಡುಭಾಗದ ಬಾಕ್ಸ್‌ಕಾರ್‌ಗೆ ಎರಕದ ಬೆಟೆನ್‌ಡಾರ್ಫ್ ಶೈಲಿ ಒಪ್ಪುತ್ತದೆ. ಇತ್ತೀಚಿನ ಭಾರಿ ಡಬ್ಬಿಗೆ ರೋಲರ್ ಬೇರಿಂಗ್ ಟ್ರಕ್ಕು. ಗಾಲಿಯೂ ಹಾಗೆಯೇ: ಹಳೆಯ 40 ಅಡಿ ಬಾಕ್ಸ್‌ಕಾರ್‌ಗೆ 33 ಇಂಚಿನ ಗಾಲಿ, ನೂರು ಟನ್ನಿನ ಹಾಪರ್‌ಗೆ 36 ಇಂಚಿನದು. ಎಚ್‌ಓ ಪ್ರಮಾಣದಲ್ಲಿ ಅವು ಸುಮಾರು 9.6 ಮತ್ತು 10.5 ಮಿಲಿಮೀಟರ್.

ಒಂದು ಗುಟ್ಟು ಹೇಳುತ್ತೇನೆ. ಎಷ್ಟೋ ಸಲ ಟ್ರಕ್ಕು ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಗಾಲಿ. ಪ್ಲಾಸ್ಟಿಕ್ ಗಾಲಿಯ ಬದಲು ಲೋಹದ್ದು ಹಾಕಿದರೆ ಡಬ್ಬಿ ಸಲೀಸಾಗಿ ಓಡುತ್ತದೆ, ಖರ್ಚೂ ಕಡಿಮೆ. ಆದರೆ ಅಚ್ಚಿನ ಉದ್ದ ಒಂದೊಂದು ಕಂಪನಿಯದು ಕೂದಲೆಳೆಯಷ್ಟು ಬೇರೆ. ಉದ್ದವಾದರೆ ಗಾಲಿ ಬಿಗಿಯುತ್ತದೆ, ಗಿಡ್ಡವಾದರೆ ಓಲಾಡುತ್ತದೆ. ಹಳೆಯದನ್ನು ಕ್ಯಾಲಿಪರ್‌ನಲ್ಲಿ ಅಳೆದೇ ಹೊಸದನ್ನು ತರಿಸು.

ಟೈಕೋ ಬಗೆಯ ಡಬ್ಬಿಗಳಲ್ಲಿ ಟ್ರಕ್ಕು ಪ್ಲಾಸ್ಟಿಕ್ ಗೂಟದಿಂದ ನಿಂತಿರುತ್ತದೆ, ಅದರ ತೂತು ದೊಡ್ಡದು. ಆ ತೂತಿಗೆ ಸ್ಟೈರೀನ್ ಕಡ್ಡಿ ಅಂಟಿಸಿ ಮುಚ್ಚು. ಒಣಗಿದ ಮೇಲೆ 50ನೇ ನಂಬರಿನ ಡ್ರಿಲ್ಲಿನಿಂದ ಕೊರೆದು 2-56 ಸ್ಕ್ರೂಗೆ ಥ್ರೆಡ್ ಹಾಕು. ಒಂದು ಟ್ರಕ್ಕು ತಿರುಗುವಷ್ಟು ಮಾತ್ರ ಬಿಗಿಯಾಗಿರಲಿ, ಇನ್ನೊಂದು ಅತ್ತಿತ್ತ ತುಸು ಓಲಾಡುವಷ್ಟು ಸಡಿಲವಿರಲಿ. ಹಳಿಯ ಉಬ್ಬುತಗ್ಗನ್ನು ಡಬ್ಬಿ ಆಗ ತಾನೇ ಸರಿತೂಗಿಸಿಕೊಳ್ಳುತ್ತದೆ. ತೂಕವನ್ನೂ ಮರೆಯಬೇಡ. ಎನ್‌ಎಂಆರ್‌ಎ ಶಿಫಾರಸಿನಂತೆ ಆರು ಇಂಚು ಉದ್ದದ ಡಬ್ಬಿ ನಾಲ್ಕು ಔನ್ಸ್, ಅಂದರೆ ಸುಮಾರು 113 ಗ್ರಾಂ ತೂಗಬೇಕು.

ಬಿಡಿಭಾಗಕ್ಕೆ ಹೊಸ ಅಂಗಡಿಯೊಂದೇ ದಾರಿಯಲ್ಲ. ನೀನಿರುವ ಬಾಸ್ಟನ್ನಿನಿಂದ ವೆಸ್ಟ್ ಸ್ಪ್ರಿಂಗ್‌ಫೀಲ್ಡ್ ದೂರವೇನಲ್ಲ. ಆಮ್ಹರ್ಸ್ಟ್ ರೈಲ್ವೆ ಸೊಸೈಟಿ ಪ್ರತಿ ಜನವರಿಯಲ್ಲಿ ಅಲ್ಲಿ ದೊಡ್ಡ ಪ್ರದರ್ಶನ ನಡೆಸುತ್ತದೆ. ಅಂಥ ಕಡೆ ಮೇಜಿನ ಮೇಲಿನದ್ದಕ್ಕಿಂತ ಮೇಜಿನ ಕೆಳಗಿನ ಪೆಟ್ಟಿಗೆ ಕೆದಕು. ಬಿಡಿ ಟ್ರಕ್ಕುಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ. ಹೋಗುವಾಗ ನಿನ್ನದೊಂದು ಡಬ್ಬಿ, ಗೇಜು, ಕ್ಯಾಲಿಪರ್ ಜೇಬಿನಲ್ಲಿರಲಿ. ಊರಿನ ರೈಲು ಕ್ಲಬ್ಬಿನ ಹಿರಿಯರನ್ನೂ ವಿಚಾರಿಸು; ಕೇಳಿದವರಿಗೆ ಕೊಡಲು ಅವರಲ್ಲಿ ಡಬ್ಬಗಟ್ಟಲೆ ಸಾಮಾನು ಇರುತ್ತದೆ. ನೀನು ಬಿಚ್ಚಿ ತೆಗೆದ ಹಳೆಯ ಭಾಗಗಳನ್ನೂ ಎಸೆಯಬೇಡ, ಹೆಸರು ಬರೆದಿಡು. ನಾಳೆ ಇನ್ನೊಬ್ಬರು ಹುಡುಕಿಕೊಂಡು ಬರುತ್ತಾರೆ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಪೆಟ್ಟಿಗೆಯಷ್ಟಕ್ಕೂ ಒಂದೇ ಸಲ ತರಿಸಬೇಡ. ಮೊದಲ ದುಡ್ಡು ಗೇಜಿಗೆ ಹಾಕು, ಆಮೇಲೆ ಒಂದೇ ಒಂದು ಡಬ್ಬಿಯನ್ನು ಪೂರ್ತಿ ಸರಿಮಾಡು. ಅದು ಮುಂದಕ್ಕೂ ಹಿಂದಕ್ಕೂ ಹಳಿ ಬಿಡದೆ ಓಡಿದ ಮೇಲೆ ಉಳಿದವಕ್ಕೆ ಪಟ್ಟಿ ಬರೆ.