ಫ್ಲಾಸ್ಕಿನೊಳಗೆ ಮದ್ದು ಹೆಚ್ಚಬೇಕೆಂದರೆ: ಲ್ಯಾಬಿಗೆ ಹೊಸಬರಾದವರಿಗೆ ಕಿವಿಮಾತು

ಅಂಗಾಂಶ ಕೃಷಿಯ ಲ್ಯಾಬಿಗೆ ಬರುವ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಕೇಳುತ್ತಾರೆ: "ಸರ್, ಬೇರು ಸೊಂಪಾಗಿ ಬೆಳೆದಿದೆ, ಔಷಧಾಂಶ ಮಾತ್ರ ಏರುತ್ತಿಲ್ಲ, ಯಾಕೆ?" ಗಿಡ ಇಂಥ ಅಂಶಗಳನ್ನು ಮಾಡಿಕೊಳ್ಳುವುದು ಬಹುಪಾಲು ತನ್ನ ರಕ್ಷಣೆಗೆ. ಸಕ್ಕರೆ, ಲವಣ ಧಾರಾಳವಾಗಿ ಸಿಕ್ಕು, ಹುಳು-ರೋಗದ ಕಾಟವೇ ಇಲ್ಲದ ಫ್ಲಾಸ್ಕಿನಲ್ಲಿ ಅದಕ್ಕೆ ಆ ಗರಜು ಬೀಳುವುದಿಲ್ಲ. ಅಶ್ವಗಂಧವನ್ನು ಮುಂದಿಟ್ಟುಕೊಂಡು ಕೆಲವು ಮಾತು ಹೇಳುತ್ತೇನೆ.

• ತಾಯಿ ಗಿಡವನ್ನು ಪರೀಕ್ಷಿಸಿಯೇ ಆರಿಸಿ. ನೋಡಲು ಹುಲುಸಾದ ಗಿಡದಲ್ಲಿ ಮದ್ದು ಹೆಚ್ಚಿರಬೇಕೆಂದಿಲ್ಲ. ಹಲವು ಗಿಡಗಳ ಅಂಶ ಅಳೆದು, ಹೆಚ್ಚಿರುವುದರಿಂದ ಕಲ್ಚರ್ ಶುರು ಮಾಡಿ.

• ಮದ್ದು ಗಿಡದ ಯಾವ ಭಾಗದಲ್ಲಿದೆ ತಿಳಿಯಿರಿ. ಅಶ್ವಗಂಧದಲ್ಲಿ ವಿಥಾಫೆರಿನ್-ಎ ಹೆಚ್ಚಾಗಿ ಎಲೆಯಲ್ಲಿ, ವಿಥನೊಲೈಡ್-ಎ ಹೆಚ್ಚಾಗಿ ಬೇರಿನಲ್ಲಿ. ಬೇರಿನ ಅಂಶ ಬೇಕಾದರೆ ಕ್ಯಾಲಸ್ (ರೂಪ ತಳೆಯದ ಕೋಶಗಳ ಮುದ್ದೆ) ನಂಬಿ ಕೂರಬೇಡಿ, ಬೇರನ್ನೇ ಬೆಳೆಸಿ. ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಬರುವ ಹೇರಿ ರೂಟ್‌ಗೆ ಹಾರ್ಮೋನೂ ಬೇಡ.

• ಎಂಎಸ್ ಎಂಬ ಪೋಷಕ ಮೀಡಿಯಂ ಬದಲಿಸಲು ಹಿಂಜರಿಯಬೇಡಿ. 1962ರಲ್ಲಿ ಅದನ್ನು ರೂಪಿಸಿದ್ದು ತಂಬಾಕಿನ ಅಂಗಾಂಶ ಬೇಗ ಬೆಳೆಯಲೆಂದು, ಮದ್ದಿಗಾಗಿ ಅಲ್ಲ. ಜಪಾನಿನಲ್ಲಿ 1980ರ ದಶಕದಲ್ಲಿ ಶಿಕೋನಿನ್ ಎಂಬ ಕೆಂಪು ಬಣ್ಣದ ಔಷಧಾಂಶ ತಯಾರಿಸಿದವರು ಒಂದು ಮೀಡಿಯಂನಲ್ಲಿ ಕೋಶ ಬೆಳೆಸಿ, ಇನ್ನೊಂದಕ್ಕೆ ದಾಟಿಸಿ ಅಂಶ ಪಡೆದರು. ಅಮೋನಿಯಂ ಇದ್ದರೆ ಶಿಕೋನಿನ್ ಉತ್ಪಾದನೆಯೇ ತಗ್ಗುತ್ತಿತ್ತು. ನೀವೂ ಸಕ್ಕರೆಯನ್ನು ಶೇಕಡಾ 3, 4, 5 ಇಟ್ಟು ನೋಡಿ. ನೈಟ್ರೇಟ್-ಅಮೋನಿಯಂ ಪ್ರಮಾಣ ಬದಲಿಸಿ ನೋಡಿ.

• ಎಲಿಸಿಟರ್‌ಗೆ ಹೊತ್ತು ನೋಡಿ. ಎಲಿಸಿಟರ್ ಎಂದರೆ ಗಿಡದ ರಕ್ಷಣೆಯನ್ನು ಕೆರಳಿಸುವ ವಸ್ತು. ಅಂಥದೊಂದಾದ ಮೀಥೈಲ್ ಜಾಸ್ಮೊನೇಟ್ ಹಾಕಿದರೆ ಗಿಡ ತನ್ನ ಮೇಲೆ ದಾಳಿಯಾಗಿದೆ ಎಂದೇ ತಿಳಿಯುತ್ತದೆ. ಮೊದಲ ವಾರವೇ ಹಾಕಿದರೆ ಬೇರಿನ ಬೆಳವಣಿಗೆ ಅಲ್ಲಿಗೇ ಕುಗ್ಗುತ್ತದೆ. ಬೆಳವಣಿಗೆ ಮುಗಿಯುವ ಹಂತಕ್ಕೆ ಬರಲಿ, ಆಮೇಲೆ ಹಾಕಿ. 50, 100, 200 ಮೈಕ್ರೋಮೋಲಾರ್ ಇಟ್ಟು ಹೋಲಿಸಿ. ಅತಿಯಾದರೆ ಅಮೃತವೂ ವಿಷ. ಜಾಸ್ಮೊನೇಟನ್ನು ಎಥನಾಲ್‌ನಲ್ಲಿ ಕರಗಿಸುವುದರಿಂದ, ಬರೀ ಎಥನಾಲ್ ಹಾಕಿದ ಫ್ಲಾಸ್ಕ್‌ಗಳೂ ಪಕ್ಕದಲ್ಲಿರಲಿ. ಇಲ್ಲದಿದ್ದರೆ ಫಲಿತಾಂಶ ಯಾವುದರಿಂದ ಬಂತೆಂದು ಹೇಳಲಾಗದು.

• ದಿನವೂ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ. ಆರೋಗ್ಯದ ಬೇರು ಕೆನೆಬಿಳುಪು, ತುದಿ ಹೊಸದಾಗಿರುತ್ತದೆ. ಎಲಿಸಿಟರ್ ಬಳಿಕ ತುಸು ಕಂದುಬಣ್ಣಕ್ಕೆ ತಿರುಗುವುದು ಸಹಜ. ಬುಡದಿಂದ ತುದಿಯವರೆಗೆ ಕಪ್ಪಾದರೆ ಎಲಿಸಿಟರ್ ಪ್ರಮಾಣ ಮಿತಿಮೀರಿರಬಹುದು. ದ್ರವ ಹಾಲಿನಂತೆ ಕದಡಿದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆ. ತೆರೆಯದೆ ಆಟೊಕ್ಲೇವ್ ಮಾಡಿಯೇ ಚೆಲ್ಲಿ.

• ಪ್ರತಿ ಗ್ರಾಂ ಲೆಕ್ಕಕ್ಕೆ ಮರುಳಾಗಬೇಡಿ. ಒಂದು ಲೀಟರಿಗೆ 10 ಗ್ರಾಂ ಒಣ ಬೇರು, ಗ್ರಾಂಗೆ 5 ಮಿಲಿಗ್ರಾಂ ಅಂಶ ಅಂದರೆ 50 ಮಿಲಿಗ್ರಾಂ. ಎಲಿಸಿಟರ್ ಹಾಕಿ ಗ್ರಾಂಗೆ 7 ಆಗಿ, ಬೇರು 6 ಗ್ರಾಂಗೆ ಇಳಿದರೆ ಕೈಗೆ ಬಂದದ್ದು 42. ಶೇಕಡಾ ಏರಿತು, ಇಳುವರಿ ಇಳಿಯಿತು! ಮೀಡಿಯಂಗೆ ಸೋರಿದ ಅಂಶವನ್ನೂ ಎಚ್‌ಪಿಎಲ್‌ಸಿಯಲ್ಲಿ ಅಳೆಯಿರಿ.

• ಒಳ್ಳೆಯ ಲೈನ್ ಕಾಪಾಡಿಕೊಳ್ಳಿ. ಮತ್ತೆ ಮತ್ತೆ ಸಬ್‌ಕಲ್ಚರ್ ಮಾಡುತ್ತ ಹೋದಂತೆ ಕೋಶಗಳ ಉತ್ಪಾದನೆ ಕುಸಿಯಬಹುದು. ಆಗಾಗ ಪರೀಕ್ಷಿಸಿ, ಲೈನಿನ ಒಂದು ನಕಲು ಬೇರೆಡೆಯೂ ಇರಲಿ.

ಇಷ್ಟೆಲ್ಲ ಶ್ರಮ ಯಾಕೆಂದರೆ, ಕ್ಯಾನ್ಸರ್ ಔಷಧಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್‌ಗಾಗಿ ನಮ್ಮ ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಮರಗಳು ಕೊಡಲಿಗೆ ಬಲಿಯಾಗಿವೆ. ನಿಮ್ಮ ಫ್ಲಾಸ್ಕಿನ ಇಳುವರಿ ನಿಜವಾಗಿ ಏರಿದರೆ ಕಾಡಿನ ಮೇಲಿನ ಹೊರೆ ತಗ್ಗುತ್ತದೆ. ಆದ್ದರಿಂದ ಸೋತ ಪ್ರಯೋಗವನ್ನೂ ದಿನಾಂಕ ಸಮೇತ ಬರೆದಿಡಿ, ಮೂರು ಸಲ ಮಾಡಿ ನೋಡದೆ ಯಾವ ಅಂಕಿಯನ್ನೂ ನಂಬಬೇಡಿ.